ಸಂದರ್ಶನ ಪುಟದ ವಿನ್ಯಾಸ: ಅಕ್ಷರ, ಬಣ್ಣ, ಪುಟರಚನೆ

ಇಬ್ಬರ ಮಾತುಕತೆಯನ್ನು ಅಚ್ಚಿನ ಪುಟಕ್ಕೆ ಇಳಿಸಿದಾಗ ಪ್ರಶ್ನೆ ಯಾರದು, ಉತ್ತರ ಯಾರದು ಎಂಬುದು ಓದುವವರಿಗೆ ಹುಡುಕದೆ ತಿಳಿಯಬೇಕು. ಸಂದರ್ಶನವನ್ನೇ ಮುಖ್ಯವಾಗಿ ಪ್ರಕಟಿಸುವ ಪತ್ರಿಕೆಯ ವಿನ್ಯಾಸದಲ್ಲಿ ಉಳಿದ ತೀರ್ಮಾನಗಳೆಲ್ಲ ಇದೊಂದರ ಸುತ್ತ ಸುತ್ತುತ್ತವೆ: ಯಾವ ಅಕ್ಷರ, ಎಷ್ಟು ಗಾತ್ರ, ಎಷ್ಟು ಕಾಲಂ, ಎಲ್ಲಿ ಬಣ್ಣ, ಎಲ್ಲಿ ಖಾಲಿ ಜಾಗ. ಇಂಗ್ಲಿಷ್ ಪತ್ರಿಕೆಯ ವಿನ್ಯಾಸಕಾರರಿಗೆ ಇದಕ್ಕೆಂದೇ ಕ್ಯಾಪಿಟಲ್ ಅಕ್ಷರ, ಇಟಾಲಿಕ್, ಬೋಲ್ಡ್ ಎಂಬ ಮೂರು ಸಾಧನಗಳು ಸಿದ್ಧವಾಗಿವೆ. ಕನ್ನಡ ಲಿಪಿಯಲ್ಲಿ ಮೊದಲನೆಯದು ಇಲ್ಲವೇ ಇಲ್ಲ, ಎರಡನೆಯದು ಒಗ್ಗುವುದಿಲ್ಲ, ಮೂರನೆಯದು ಸುದ್ದಿಕಾಗದದ ಮೇಲೆ ಮಸಿ ಹೀರಿ ಕೆಡುತ್ತದೆ. ಹೀಗಾಗಿ ಕನ್ನಡದ ಸಂದರ್ಶನ ಪುಟ ಹೆಚ್ಚಾಗಿ ಜಾಗದ ಲೆಕ್ಕಾಚಾರದ ಮೇಲೆಯೇ ನಿಲ್ಲಬೇಕು. ನಮ್ಮ ಪತ್ರಿಕೆಗಳು ಬೋಲ್ಡನ್ನೂ ಬಣ್ಣವನ್ನೂ ಧಾರಾಳವಾಗಿ ಬಳಸಿವೆ, ಖಾಲಿ ಜಾಗದ ವಿಷಯದಲ್ಲಿ ಮಾತ್ರ ಜಿಪುಣತನ ತೋರಿವೆ.

ಈ ವಿಷಯವನ್ನು ನೋಡಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಅನುಕೂಲವಾದ ನೆಲೆ. ಕರ್ನಾಟಕದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಬರಹಗಳಲ್ಲಿ ಕೆಲವು ಇಲ್ಲಿಯ ಬಂಡೆಗಳ ಮೇಲಿವೆ. ಅಕ್ಷರ ಕಲಿಯದೆಯೇ ಸಾವಿರಾರು ಸಾಲು ಹಾಡಬಲ್ಲವರು ಇಲ್ಲಿಯ ಹಟ್ಟಿಗಳಲ್ಲಿ ಬಾಳಿದ್ದಾರೆ. ಬಣ್ಣದ ವಿಷಯಕ್ಕೆ ಬಂದರೆ ಮೊಳಕಾಲ್ಮುರಿನ ರೇಷ್ಮೆ ಸೀರೆಯೂ ಚಳ್ಳಕೆರೆಯ ಕರಿ ಕಂಬಳಿಯೂ ಅಚ್ಚಿನ ಮಸಿಗೆ ಎರಡು ತದ್ವಿರುದ್ಧ ಪರೀಕ್ಷೆಗಳನ್ನು ಒಡ್ಡುತ್ತವೆ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಕನ್ನಡದ ಒಂದು ಜನಪ್ರಿಯ ಟ್ಯಾಬ್ಲಾಯ್ಡಿನ ಸಂಪಾದಕರ ಹೆಸರಿನೊಡನೆ ರಾಜ್ಯವೆಲ್ಲ ಸುತ್ತಿತು.

ಮಾತಿನೊಳಗಿನ ಮಾತು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರು ಬಂಡೆಗಲ್ಲು ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದಕ್ಕೆ ಬಳೆಗಾರರ ಗುಂಡು ಎಂಬ ಹೆಸರಿತ್ತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಪುಟವಿನ್ಯಾಸದ ದೃಷ್ಟಿಯಿಂದ ಈ ಶಾಸನದ ಒಂದು ಗುಣ ಗಮನಾರ್ಹ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕುಶಲ ವಿಚಾರಿಸುತ್ತಾರೆ. ಆಮೇಲೆ ಅದೇ ಬರಹದೊಳಗೆ ಚಕ್ರವರ್ತಿ ತಾನೇ ಮಾತಾಡುತ್ತಾನೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಒಂದೇ ಕಲ್ಲಿನ ಮೇಲೆ ಮೂರು ದನಿಗಳು. ಉದ್ಧರಣ ಚಿಹ್ನೆಯಿಲ್ಲ, ಪ್ಯಾರಾ ಇಲ್ಲ. ದೇವಾನಾಂಪ್ರಿಯ, ಅಂದರೆ ಅಶೋಕ, ಹೀಗೆನ್ನುತ್ತಾನೆ ಎಂಬರ್ಥದ ಮಾತೇ ದನಿ ಬದಲಾದದ್ದರ ಗುರುತು. ಅಕ್ಷರದ ರೂಪ ಬದಲಾಗುವುದು ಕೊನೆಯಲ್ಲಿ ಮಾತ್ರ: ಚಪಡ ತಾನು ಲಿಪಿಕಾರನೆಂದು ಹೇಳಿಕೊಳ್ಳುವ ಪದವನ್ನು ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಇಂದಿನ ಪತ್ರಿಕೆಯಲ್ಲಿ ಲೇಖಕರ ಹೆಸರಿಗೆ ಬೇರೆ ಫಾಂಟು ಬಳಸುವುದು ಅದೇ ಬಗೆಯ ಕೆಲಸ.

ಕನ್ನಡ ಸಾಹಿತ್ಯದಲ್ಲಿ ಸಂವಾದವನ್ನು ಪುಸ್ತಕವಾಗಿ ಕಟ್ಟಿದ ದೊಡ್ಡ ಉದಾಹರಣೆ ಹದಿನೈದನೆಯ ಶತಮಾನದ ಶೂನ್ಯಸಂಪಾದನೆ. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳನ್ನು ಪ್ರಶ್ನೋತ್ತರದಂತೆ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನು ಹಾಕಿದ ಕೃತಿಯದು. ಮಾತಾಡುತ್ತಿರುವವರು ಯಾರೆಂಬುದನ್ನು ನಡುವಿನ ಗದ್ಯ ಹೇಳುತ್ತದೆ, ಕೊನೆಯ ಅಂಕಿತ ಖಚಿತಪಡಿಸುತ್ತದೆ. ಓಲೆಗರಿಯಲ್ಲಿ ಸಾಲು ಬಿಟ್ಟು ಬರೆಯುವ ಅದ್ದೂರಿಗೆ ಎಡೆಯಿರಲಿಲ್ಲ. ಗುರುತಿಸುವ ಹೊಣೆಯನ್ನು ಭಾಷೆಯೇ ಹೊತ್ತಿತ್ತು. ಕನ್ನಡದ ವಾಕ್ಯರಚನೆ ಈಗಲೂ ಈ ಹೊಣೆಯಲ್ಲಿ ಒಂದು ಪಾಲನ್ನು ಹೊರುತ್ತದೆ. ಕ್ರಿಯಾಪದದ ಕೊನೆಯಲ್ಲೇ ನಾನು, ನೀವು, ಅವರು ಕೂತಿರುತ್ತಾರೆ, ಪ್ರಶ್ನೆಯ ರಾಗವೂ ಅಲ್ಲೇ ಇರುತ್ತದೆ. ಆದರೆ ಅದು ವಾಕ್ಯ ಮುಗಿದ ಮೇಲೆ ಸಿಗುವ ಸುಳಿವು. ಓದುವ ಕಣ್ಣಿಗೆ ವಾಕ್ಯ ಆರಂಭವಾಗುವ ಮುನ್ನವೇ ಸುಳಿವು ಬೇಕು.

ಮೊಳೆಯಿಂದ ಫಾಂಟಿನವರೆಗೆ

1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಾಗಿನಿಂದ ಕನ್ನಡದ ಅಚ್ಚುಮೊಳೆಗಳ ಕಥೆ ಆರಂಭವಾಗುತ್ತದೆ. ಆದರೆ ಮೊದಲ ಕನ್ನಡ ಪತ್ರಿಕೆ ಮೊಳೆಯಲ್ಲಿ ಅಚ್ಚಾಗಲಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದು, ಅಂದರೆ ಕೈಬರಹದ ಪ್ರತಿಬಿಂಬ. ಮರುವರ್ಷ ಅದು ಮೊಳಕಾಲ್ಮುರಿನ ನೆರೆಯ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಕಲ್ಲಚ್ಚಿನಲ್ಲಿ ಬರೆಯುವ ಕೈಗೆ ಸ್ವಾತಂತ್ರ್ಯವಿತ್ತು: ಒತ್ತಕ್ಷರ ಎಷ್ಟು ಕೆಳಗಿಳಿದರೂ ಮುಂದಿನ ಸಾಲನ್ನು ಸ್ವಲ್ಪ ತಗ್ಗಿಸಿ ಬರೆದರಾಯಿತು.

ಸೀಸದ ಮೊಳೆಗೆ ಆ ಸ್ವಾತಂತ್ರ್ಯವಿಲ್ಲ. ವ್ಯಂಜನ, ಕಾಗುಣಿತ, ಒತ್ತು ಎಲ್ಲಕ್ಕೂ ಮೊಳೆ ಬೇಕು. ಕನ್ನಡದ ಕೇಸಿನಲ್ಲಿ ನೂರಾರು ಮನೆಗಳು. ಕಂಪೋಸ್ ಮಾಡುವವರು ಅವುಗಳ ಜಾಗವನ್ನು ಕೈಯಲ್ಲೇ ನೆನಪಿಟ್ಟುಕೊಂಡು ಜೋಡಿಸುತ್ತಿದ್ದರು. ಇಷ್ಟೊಂದು ಮೊಳೆಗಳನ್ನು ಒಂದೇ ಗಾತ್ರ, ಒಂದೇ ದಪ್ಪದಲ್ಲಿ ಇಟ್ಟುಕೊಳ್ಳುವುದೇ ಸಣ್ಣ ಅಚ್ಚುಕೂಟಕ್ಕೆ ಭಾರವಾಗಿದ್ದಾಗ ಪ್ರಶ್ನೆಗೊಂದು ಬಗೆ, ಉತ್ತರಕ್ಕೊಂದು ಬಗೆ ಎಂಬ ಯೋಚನೆ ದುಬಾರಿ. ಆ ಕಾಲದ ಮಾಸಿಕಗಳಲ್ಲಿ ಸಂವಾದವೆಂದರೆ 'ಪ್ರಶ್ನೆ', 'ಉತ್ತರ' ಎಂದು ಬರೆದು ಮುಂದೆ ಎರಡು ಚುಕ್ಕೆ ಇಡುವುದು. ನಾಟಕದ ಪುಸ್ತಕದಂತೆ ಹೆಸರಿನ ಮೊದಲ ಅಕ್ಷರ ಇಡುವುದು ಇನ್ನೊಂದು ದಾರಿ. ಬಡತನದಲ್ಲಿ ಹುಟ್ಟಿದರೂ ಈ ಪದ್ಧತಿ ಈಗಿನ ಎಷ್ಟೋ ಬಣ್ಣದ ಪುಟಗಳಿಗಿಂತ ಸ್ಪಷ್ಟ.

ಫೋಟೊ ಟೈಪ್‌ಸೆಟ್ಟಿಂಗ್, ಆಫ್‌ಸೆಟ್, ಬಳಿಕ ಡಿಟಿಪಿ ಬಂದ ಮೇಲೆ ದಪ್ಪ, ಗಾತ್ರ, ಓರೆ ಎಲ್ಲವೂ ಒಂದು ಗುಂಡಿಯ ದೂರಕ್ಕೆ ಬಂದವು. ಮಾನೋಟೈಪ್ ಕಂಪನಿಯ ಅನುಭವವಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡದ ಶಿಷ್ಟತೆಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ', ಪುಣೆಯ ಮಾಡ್ಯುಲರ್ ಕಂಪನಿಯ 'ಶ್ರೀಲಿಪಿ' ಇವು ಅಚ್ಚುಮನೆಗಳನ್ನು ಆಳಿದವು. ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕೂತಿದ್ದವು. ಉತ್ತರದ ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಫಾಂಟು ಬದಲಿಸದ ಹೊರತು ಅದು ಅರ್ಥವಿಲ್ಲದ ಕನ್ನಡ ತುಣುಕುಗಳ ರಾಶಿಯಾಗುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ, ಒತ್ತು ಬೇರೆ ತುಣುಕಾದ್ದರಿಂದ ಸಾಲು ಮುರಿಯುವಾಗ ಅದು ತನ್ನ ತಾಯಕ್ಷರವನ್ನು ಬಿಟ್ಟು ಮುಂದಿನ ಸಾಲಿನ ತಲೆಗೆ ಒಂಟಿಯಾಗಿ ಬಂದು ಕೂರುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದ್ದರೂ ಪುಟ ಕಟ್ಟುವ ತಂತ್ರಾಂಶಗಳು ಅದನ್ನು ಸರಿಯಾಗಿ ಜೋಡಿಸಲು ಕಲಿತದ್ದು ತಡವಾಗಿ; ಇನ್‌ಡಿಸೈನ್ ತನ್ನ 2012ರ ಆವೃತ್ತಿಯಲ್ಲಿ ಭಾರತೀಯ ಲಿಪಿಗಳನ್ನು ಒಳಗೆ ಸೇರಿಸಿಕೊಂಡಿತು. ಅನೇಕ ಅಚ್ಚುಮನೆಗಳಲ್ಲಿ ಪೇಜ್‌ಮೇಕರ್, ಹಳೆಯ ನುಡಿ ಫಾಂಟು ಎರಡೂ ಅದಾದ ಮೇಲೂ ಬಹುಕಾಲ ಉಳಿದವು. ಅಲ್ಲಿಗೆ ಮೊಬೈಲಿನಲ್ಲಿ ಬೆರಳಚ್ಚು ಮಾಡಿದ ಸಂದರ್ಶನವನ್ನು ಕಳಿಸಿದರೆ ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನೂ ಇಂಗ್ಲಿಷ್ ಪದಗಳನ್ನೂ ಒಂದೊಂದಾಗಿ ನೋಡಬೇಕು.

ಅಕ್ಷರದ ಆಯ್ಕೆ

ಈಗ ಫಾಂಟುಗಳಿಗೆ ಬರವಿಲ್ಲ. ಆರ್.ಕೆ. ಜೋಶಿ ರೂಪಿಸಿದ 'ತುಂಗಾ' ವಿಂಡೋಸ್ ಜೊತೆಗೆ ಬಂತು. ಕೇದಗೆ, ಮಲ್ಲಿಗೆ, ಲೋಹಿತ್, ಗುಬ್ಬಿ, ನವಿಲು ಮುಕ್ತ ಬಳಕೆಗೆ ಸಿಕ್ಕವು. ಆಮೇಲೆ ನೋಟೋ, ಬಲೂ ತಮ್ಮ, ಅನೇಕ್ ಕನ್ನಡ, ಟೈರೊ ಕನ್ನಡ ಬಂದವು. ಸಂದರ್ಶನ ಪತ್ರಿಕೆಗೆ ಇವುಗಳಲ್ಲಿ ಆರಿಸುವಾಗ ಚೆಲುವಿಗಿಂತ ಮೊದಲು ಕೇಳಬೇಕಾದದ್ದು ಆ ಫಾಂಟಿಗೆ ಎಷ್ಟು ದಪ್ಪಗಳಿವೆ ಎಂದು. ಎರಡೇ ದಪ್ಪಗಳಿದ್ದರೆ ಪ್ರಶ್ನೆಯನ್ನು ಗುರುತಿಸಲು ಕಡುದಪ್ಪ ಒಂದೇ ದಾರಿ. ಅನೇಕ್‌ನಂತೆ ತೆಳುವಿನಿಂದ ದಪ್ಪದವರೆಗೆ ಹಲವು ಮೆಟ್ಟಿಲುಗಳಿದ್ದರೆ ಉತ್ತರಕ್ಕಿಂತ ಒಂದೇ ಮೆಟ್ಟಿಲು ಮೇಲಿನ ದಪ್ಪದಲ್ಲಿ ಪ್ರಶ್ನೆ ಇಡಬಹುದು, ಗದರಿಸಿದಂತೆ ಕಾಣುವುದಿಲ್ಲ.

ಬೋಲ್ಡ್ ಕೈಕೊಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಕನ್ನಡದಲ್ಲಿ ದ, ಧ, ಪ, ಫ, ಡ, ಢ ಜೋಡಿಗಳ ನಡುವಿನ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು. 'ಹೊಟ್ಟೆ ಸೀಳಿದ ಷ' ಎಂದು ಶಾಲೆಯಲ್ಲಿ ಕಲಿತ ಷಕಾರಕ್ಕೂ ಒಳಗಿನ ಒಂದು ಗೆರೆಯೇ ಪ್ರಾಣ. ಸುದ್ದಿಕಾಗದ ಮಸಿಯನ್ನು ಹೀರಿ ಸುತ್ತ ಹರಡುತ್ತದೆ. 9 ಪಾಯಿಂಟಿನ ಬೋಲ್ಡ್ ಅಕ್ಷರದಲ್ಲಿ ಆ ಸೀಳು ಮುಚ್ಚಿಹೋಗುತ್ತದೆ, ಅ, ಣ, ಖ ಮೊದಲಾದವುಗಳ ಒಳಹೊಟ್ಟೆ ತುಂಬಿಕೊಳ್ಳುತ್ತದೆ. ಪ್ರಶ್ನೆ ಎದ್ದು ಕಾಣಲೆಂದು ಕೊಟ್ಟ ದಪ್ಪವೇ ಅದನ್ನು ಓದಲಾಗದಂತೆ ಮಾಡುತ್ತದೆ. ದಪ್ಪ ಅಕ್ಷರವೇ ಬೇಕಿದ್ದರೆ ಗಾತ್ರವನ್ನು ಒಂದೂವರೆ ಪಾಯಿಂಟಿನಷ್ಟು ಹೆಚ್ಚಿಸಿ ದಪ್ಪವನ್ನು ತಗ್ಗಿಸುವುದು ಇದಕ್ಕೆ ಒಂದು ಪರಿಹಾರ.

ಓರೆ ಅಕ್ಷರದ ಮಾತು ಬೇರೆ. ರೋಮನ್ನಿನ ಇಟಾಲಿಕ್‌ಗೆ ಅದರದೇ ಆದ ಕೈಬರಹದ ಪರಂಪರೆಯಿದೆ. ಕನ್ನಡದಲ್ಲಿ ಇಟಾಲಿಕ್ ಎಂದು ಬಳಕೆಯಾಗುವುದು ಬಹುಮಟ್ಟಿಗೆ ತಂತ್ರಾಂಶ ನೆಟ್ಟಗಿನ ಅಕ್ಷರವನ್ನೇ ತಳ್ಳಿ ಬಾಗಿಸಿದ ರೂಪ. ದುಂಡಗಿನ ಒಡಲು ಮೊಟ್ಟೆಯಂತಾಗುತ್ತದೆ, ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಜಾರುತ್ತದೆ. ಒಂದು ಸಾಲಿನ ಅಡಿಬರಹಕ್ಕೆ ಸಹಿಸಿಕೊಳ್ಳಬಹುದು. ಮೂರು ಪುಟದ ಉತ್ತರಗಳ ನಡುವೆ ಇಪ್ಪತ್ತು ಪ್ರಶ್ನೆಗಳನ್ನು ಹೀಗೆ ಇಟ್ಟರೆ ಪುಟವೇ ವಾಲಿದಂತಿರುತ್ತದೆ.

ಸಾಲುಗಳ ನಡುವಿನ ಅಂತರಕ್ಕೆ ಇಂಗ್ಲಿಷ್ ಪುಸ್ತಕಗಳ ಲೆಕ್ಕ ಸಲ್ಲದು. ಅಲ್ಲಿ 10 ಪಾಯಿಂಟಿಗೆ 12 ಸಾಕು. ಕನ್ನಡದಲ್ಲಿ 'ಶಾಸ್ತ್ರ', 'ರಾಷ್ಟ್ರ' ಮುಂತಾದ ಪದಗಳ ಒತ್ತುಗಳು ಕೆಳಗೆ ಇಳಿಯುತ್ತವೆ, ಕೆಳಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ; ಎರಡೂ ಒಂದಕ್ಕೊಂದು ತಾಗುತ್ತವೆ. 11 ಪಾಯಿಂಟಿಗೆ 15 ಅಥವಾ 16 ಕೊಟ್ಟರೆ ಉಸಿರಾಟ ಸರಾಗ. ಪುಟಸಂಖ್ಯೆ ಉಳಿಸುವ ಅವಸರದಲ್ಲಿ ಅಂತರವನ್ನು ಬಿಗಿಗೊಳಿಸುವುದು ಕನ್ನಡ ಪತ್ರಿಕೆಗಳ ಹಳೆಯ ಚಾಳಿ. ಒಂದೇ ಪಾಯಿಂಟ್ ಗಾತ್ರ ಎಂದಿದ್ದರೂ ಒಂದು ಫಾಂಟಿನಲ್ಲಿ ಅಕ್ಷರ ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಸಂಖ್ಯೆಯನ್ನು ನಂಬದೆ ಅದೇ ಕಾಗದದ ಮೇಲೆ ಕರಡಚ್ಚು ತೆಗೆದು ನೋಡುವುದೇ ಖಚಿತ.

ಕಾಲಂ ಮತ್ತು ಖಾಲಿ ಜಾಗ

ಪ್ರತ್ಯಯಗಳು, ಸಂಧಿಗಳು ಸೇರಿ ಕನ್ನಡದ ಪದ ಬೆಳೆಯುತ್ತ ಹೋಗುತ್ತದೆ. ಆಡುಮಾತಿನಲ್ಲಂತೂ 'ಹೋಗಬೇಕಾಗಿತ್ತಲ್ಲಪ್ಪ' ಎಂಬುದು ಒಂದೇ ಉಸಿರು. ಐದು ಸೆಂಟಿಮೀಟರ್ ಅಗಲದ ಕಾಲಮ್ಮಿನಲ್ಲಿ ಇಂಥ ಪದಗಳು ಎರಡೋ ಮೂರೋ ಹಿಡಿಯುತ್ತವೆ. ಎರಡೂ ಬದಿ ಸಮ ಮಾಡಹೊರಟರೆ ಪದಗಳ ನಡುವೆ ಹಳ್ಳ ಬೀಳುತ್ತದೆ. ಸಂದರ್ಶನದ ಪುಟಕ್ಕೆ ಮೂರು ಕಾಲಮ್ಮಿಗಿಂತ ಎರಡು ಕಾಲಂ ಒಳ್ಳೆಯದು. ಬಲಬದಿಯನ್ನು ಸಮ ಮಾಡದೆ ಬಿಟ್ಟರೆ ಇನ್ನೂ ಒಳ್ಳೆಯದು, ಮಾತಿನ ಏರಿಳಿತಕ್ಕೂ ಅದು ಹೊಂದುತ್ತದೆ. ಓದುಗರು ಒಪ್ಪುವುದಿಲ್ಲ ಎಂಬ ಸಂಪಾದಕರ ಅಳುಕು ನಿಜವಾದದ್ದೇ; ಬದಿ ಸಮ ಇಲ್ಲದಿದ್ದರೆ ಕೆಲಸ ಅರ್ಧಕ್ಕೇ ಬಿಟ್ಟಂತೆ ಕಾಣುತ್ತದೆ ಎನ್ನುವವರು ಇದ್ದಾರೆ.

ಜಗತ್ತಿನ ಕಡೆ ನೋಡಿದರೆ ಸಂದರ್ಶನಕ್ಕೆ ಎರಡು ಬಗೆಯ ಪುಟಗಳು ಮಾದರಿಯಾದವು. 1953ರಲ್ಲಿ ಆರಂಭವಾದ 'ಪ್ಯಾರಿಸ್ ರಿವ್ಯೂ' ಲೇಖಕರ ಸಂದರ್ಶನಗಳನ್ನು ಪುಸ್ತಕದ ಪುಟದ ಗಾಂಭೀರ್ಯದಲ್ಲಿ, ಮಾತಾಡುವವರ ಹೆಸರನ್ನು ಪ್ರತ್ಯೇಕವಾಗಿ ಇಟ್ಟು ಅಚ್ಚು ಮಾಡಿತು. 1969ರಲ್ಲಿ ಆ್ಯಂಡಿ ವಾರ್ಹಾಲ್ ಹುಟ್ಟುಹಾಕಿದ 'ಇಂಟರ್‌ವ್ಯೂ' ಮುಖವನ್ನೇ ಪುಟವಾಗಿಸಿತು. ರಿಚರ್ಡ್ ಬರ್ನ್‌ಸ್ಟೀನ್ ಬಣ್ಣ ತುಂಬಿದ ಮುಖಪುಟಗಳು ಅದರ ಗುರುತಾದವು. ಒಂದು ಕಿವಿಗೆ, ಇನ್ನೊಂದು ಕಣ್ಣಿಗೆ.

ಕನ್ನಡದಲ್ಲಿ ಸಂದರ್ಶನ ಬೆಳೆದದ್ದು ಬಹುತೇಕ ವಾರಪತ್ರಿಕೆ, ಮಾಸಿಕಗಳ ಒಂದು ಅಂಗವಾಗಿ. 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ 'ಕಸ್ತೂರಿ'ಯ ಪುಟ ಅಂಗೈಯಗಲದ್ದು. ಅಲ್ಲಿ ಎಲ್ಲವೂ ಓದಿಗಾಗಿ. 1965ರ 'ಸುಧಾ', 1968ರ 'ಮಯೂರ' ಚಿತ್ರಕಲಾವಿದರಿಗೆ ಜಾಗ ಕೊಟ್ಟವು. ಚಂದ್ರನಾಥ ಆಚಾರ್ಯರಂಥವರ ರೇಖೆಗಳು ಈ ಪತ್ರಿಕೆಗಳ ಪುಟಗಳಿಗೆ ಚಹರೆ ತಂದವು. 1983ರಲ್ಲಿ ಮಣಿಪಾಲದಿಂದ ಬಂದ 'ತರಂಗ' ಬಣ್ಣದ ಫೋಟೊಗಳ ಓದುಗರನ್ನು ಸೃಷ್ಟಿಸಿತು. ಇದಕ್ಕೆ ನೇರ ಎದುರು ದಿಕ್ಕಿನಲ್ಲಿ 1980ರಲ್ಲಿ 'ಲಂಕೇಶ್ ಪತ್ರಿಕೆ' ಬಂದಿತ್ತು: ಟ್ಯಾಬ್ಲಾಯ್ಡ್ ಅಳತೆ, ಕಪ್ಪು ಬಿಳುಪು, ಜಾಹೀರಾತಿಲ್ಲ. ಜಾಹೀರಾತು ಇಲ್ಲದ್ದೂ ಒಂದು ವಿನ್ಯಾಸದ ನಿರ್ಧಾರವೇ. ಪುಟದ ಮೂಲೆಯಲ್ಲಿ ಸೋಪು, ಬೀಡಿ ಕಿರುಚದಿದ್ದರೆ ದಪ್ಪ ತಲೆಬರಹದ ಒಂದು ಮಾತು ಇಡೀ ಪುಟವನ್ನು ಹಿಡಿದಿಡುತ್ತದೆ. 1995ರಲ್ಲಿ ಬಂದ 'ಹಾಯ್ ಬೆಂಗಳೂರ್!' ಅದೇ ಅಳತೆ, ಅದೇ ಕಪ್ಪು ಬಿಳುಪನ್ನು ಬೇರೆ ಉತ್ಸಾಹಕ್ಕೆ ಬಳಸಿತು. ಅದರ ಸಂಪಾದಕ ರವಿ ಬೆಳಗೆರೆಯವರ ಹೆಸರಿನಲ್ಲಿರುವ ಬೆಳಗೆರೆ ಚಳ್ಳಕೆರೆ ತಾಲ್ಲೂಕಿನದು. ಈ ಟ್ಯಾಬ್ಲಾಯ್ಡ್ ಧಾಟಿಯಲ್ಲಿ ಭೇಟಿಯ ಕಥೆಯನ್ನೇ ನಿರೂಪಣೆಯಾಗಿ ಹೇಳಿ, ಎದುರಿನವರ ಮಾತನ್ನು ಅದರೊಳಗೆ ಹೆಣೆಯುವುದು ಸಾಮಾನ್ಯ. ಅಂಥ ಬರಹಕ್ಕೆ ಪ್ರಶ್ನೋತ್ತರದ ಪುಟವಿನ್ಯಾಸ ಬೇಕಿಲ್ಲ. ಉದ್ಧರಣ ಚಿಹ್ನೆ, ಉಪಶೀರ್ಷಿಕೆ, ನಡುವೆ ಎತ್ತಿಹಿಡಿದ ಒಂದೆರಡು ಸಾಲುಗಳಷ್ಟೇ ಸಾಕು. 2005ರಲ್ಲಿ ವಿವೇಕ ಶಾನಭಾಗ ಆರಂಭಿಸಿದ ತ್ರೈಮಾಸಿಕ 'ದೇಶಕಾಲ' ಕನ್ನಡದ ಸಾಹಿತ್ಯ ಪತ್ರಿಕೆಯೂ ಅಂಚು ಬಿಟ್ಟು, ಅಚ್ಚುಕಟ್ಟಾಗಿ ಬರಬಹುದೆಂದು ತೋರಿಸಿತು.

ಪ್ರಶ್ನೆಯ ಮುಂದೆ ಗುಂಡು ಚುಕ್ಕೆ ಅಥವಾ ನಕ್ಷತ್ರ ಇಟ್ಟು ಬೋಲ್ಡ್ ಮಾಡುವುದು ಇಂದಿನ ದೈನಿಕಗಳ ಸಾಮಾನ್ಯ ರೂಢಿ. ಇದರ ತೊಂದರೆಯೆಂದರೆ ಪುಟವನ್ನು ದೂರದಿಂದ ನೋಡಿದಾಗ ಕಾಣುವುದು ಪತ್ರಕರ್ತರ ಪ್ರಶ್ನೆಗಳೇ ಹೊರತು ಮಾತಾಡಿದವರ ಮಾತಲ್ಲ. ತಿರುವುಮುರುವು ಮಾಡಿ, ಪ್ರಶ್ನೆಯನ್ನು ಸಣ್ಣ ಗಾತ್ರದಲ್ಲಿ, ತುಸು ಒಳಸರಿಸಿ, ಮೇಲೆ ಅರ್ಧ ಸಾಲಿನ ಜಾಗ ಬಿಟ್ಟು ಇಟ್ಟರೆ ಉತ್ತರ ತಾನಾಗಿ ಮುಂದೆ ಬರುತ್ತದೆ. ಪ್ರಶ್ನೆಯ ಮೇಲಿನ ಜಾಗ ಅದರ ಕೆಳಗಿನದಕ್ಕಿಂತ ಹೆಚ್ಚಿರಬೇಕು. ಪ್ರಶ್ನೆ ಸೇರಬೇಕಾದದ್ದು ಮುಂದಿನ ಉತ್ತರಕ್ಕೆ, ಹಿಂದಿನದಕ್ಕಲ್ಲ. ಇಷ್ಟು ಸಣ್ಣ ಸಂಗತಿ ಎಷ್ಟು ಪತ್ರಿಕೆಗಳಲ್ಲಿ ತಪ್ಪುತ್ತದೆ ಎಂದರೆ, ಎರಡೂ ಕಡೆ ಸಮನಾದ ಜಾಗವೇ ನಿಯಮವೇನೋ ಅನ್ನಿಸುತ್ತದೆ.

ಬಣ್ಣ

2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೊಳಕಾಲ್ಮುರು ಸೀರೆಯಲ್ಲಿ ಒಡಲು ಒಂದು ಬಣ್ಣ, ಅಂಚು ಅದಕ್ಕೆ ಎದುರಾದ ಇನ್ನೊಂದು ಬಣ್ಣ, ಸೆರಗಿನಲ್ಲಿ ಹೂವು, ಹಣ್ಣು, ಪ್ರಾಣಿ ಪಕ್ಷಿಗಳ ಕುಸುರಿ. ಕುಸುರಿಯನ್ನೆಲ್ಲ ಸೆರಗಿಗೆ ಕೊಟ್ಟು ಒಡಲನ್ನು ಬಹುಮಟ್ಟಿಗೆ ಸುಮ್ಮನೆ ಬಿಡುವ ಈ ಲೆಕ್ಕ ಪತ್ರಿಕೆಗೂ ಸಲ್ಲುತ್ತದೆ: ಆರಂಭದ ಪುಟದಲ್ಲಿ ಬಣ್ಣ, ಮಾತಿನ ಪುಟಗಳಲ್ಲಿ ಅಂಚಿನಷ್ಟು ಮಾತ್ರ. ದೀಪಾವಳಿ, ಯುಗಾದಿ ವಿಶೇಷಾಂಕಗಳು ಇದಕ್ಕೆ ಉಲ್ಟಾ ನಡೆಯುತ್ತವೆ. ಪ್ರತಿ ಪುಟಕ್ಕೂ ಒಂದೊಂದು ಹಿನ್ನೆಲೆ ಬಣ್ಣ, ಅದರ ಮೇಲೆ ಬಣ್ಣದ ಅಕ್ಷರ.

ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಮೂಡಿಸುವುದು ಕನ್ನಡಕ್ಕೆ ಅಪಾಯಕಾರಿ. ಆಫ್‌ಸೆಟ್‌ನಲ್ಲಿ ನಾಲ್ಕು ಮಸಿಗಳು ಒಂದರ ಮೇಲೊಂದು ಕೂರಬೇಕು. ರಿಜಿಸ್ಟರ್ ಕೂದಲೆಳೆಯಷ್ಟು ಜಾರಿದರೂ ಒತ್ತಕ್ಷರದ ತೆಳುಗೆರೆಗಳು ಮುಚ್ಚಿಹೋಗುತ್ತವೆ. ಬಿಳಿ ಅಕ್ಷರ ಬೇಕೇ ಬೇಕಿದ್ದರೆ ಹಿನ್ನೆಲೆ ಒಂದೇ ಮಸಿಯದಾಗಿರಲಿ, ಗಾತ್ರ 14 ಪಾಯಿಂಟಿಗಿಂತ ಕಡಿಮೆಯಾಗದಿರಲಿ. ಪ್ರಶ್ನೆಗೆ ಬಣ್ಣ ಕೊಡುವುದಾದರೂ ಇದೇ ಮಾತು: ಎರಡು ಮೂರು ಮಸಿ ಬೆರೆತ ಕಂದು, ನೇರಳೆಗಿಂತ ಒಂದೇ ಮಸಿಯಲ್ಲಿ ಸಿಗುವ ಬಣ್ಣ ಚೂಪಾಗಿ ಮೂಡುತ್ತದೆ. ಹಳದಿ ಬಿಳಿ ಕಾಗದದ ಮೇಲೆ ಕಾಣುವುದಿಲ್ಲ, ಆಕಾಶನೀಲಿ ಸಣ್ಣ ಅಕ್ಷರಕ್ಕೆ ಪೇಲವ. ಉಳಿಯುವುದು ಗುಲಾಬಿ ಛಾಯೆಯ ಮಜೆಂಟಾ, ಇಲ್ಲವೇ ಶೇಕಡಾ 60ರಿಂದ 70ರ ಕಪ್ಪು, ಅಂದರೆ ಬೂದು. ಆದರೆ ಬೂದು ಕೂಡ ಚುಕ್ಕೆಗಳಾಗಿ ಒಡೆದು ಅಚ್ಚಾಗುವುದರಿಂದ ಸಣ್ಣ ಅಕ್ಷರದ ಅಂಚು ಮುಕ್ಕಾಗುತ್ತದೆ. ಸುತ್ತಿ ಬಳಸಿ ಮತ್ತೆ ಅಚ್ಚ ಕಪ್ಪಿಗೇ ಬಂದು ನಿಲ್ಲುತ್ತೇವೆ.

ಖರ್ಚಿನ ಲೆಕ್ಕವೂ ಪುಟವನ್ನು ರೂಪಿಸುತ್ತದೆ. 16 ಪುಟಗಳ ಒಂದು ಫಾರಂನಲ್ಲಿ ಹಾಳೆಯ ಒಂದು ಬದಿಗೆ ಮಾತ್ರ ಬಣ್ಣ ಕೊಟ್ಟರೆ ಅದು 1, 4, 5, 8, 9, 12, 13, 16ನೇ ಪುಟಗಳಿಗೆ ಬೀಳುತ್ತದೆ. ಎದುರುಬದುರಾಗಿ ಬಣ್ಣ ಸಿಗುವ ಜೋಡಿಗಳು 4-5, 8-9, 12-13. ಸಣ್ಣ ಪತ್ರಿಕೆ ತನ್ನ ಸಂದರ್ಶನಗಳನ್ನು ಈ ಜೋಡಿಗಳಲ್ಲಿ ಆರಂಭಿಸಿ ಕಪ್ಪು ಬಿಳುಪಿನ ಪುಟಗಳಲ್ಲಿ ಮುಂದುವರಿಸಿದರೆ, ಬಣ್ಣಕ್ಕೆ ಅರ್ಧ ಹಣ ಕೊಟ್ಟು ಪೂರ್ತಿ ಬಣ್ಣದ ಪತ್ರಿಕೆಯ ಭಾವನೆ ತರಬಹುದು. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಸಾಕು. ಹೊಳೆಯುವ ಆರ್ಟ್ ಪೇಪರ್ ಫೋಟೊಗೆ ಚೆಂದ, ಓದಲು ತ್ರಾಸ. ಬಲ್ಬಿನ ಬೆಳಕು ಅದರ ಮೇಲೆ ಕಣ್ಣು ಕುಕ್ಕುತ್ತದೆ.

ನೇಕಾರರನ್ನು ಸಂದರ್ಶಿಸಿದ ಪುಟದಲ್ಲಿ ಸೀರೆಯ ಬಣ್ಣ ಸರಿಯಾಗಿ ಬರದಿದ್ದರೆ ಸಂದರ್ಶನವೇ ಸುಳ್ಳಾದಂತೆ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನದು ಇನ್ನೊಂದಾದಾಗ ರೇಷ್ಮೆ ಹೊರಳಿದಂತೆಲ್ಲ ಬಣ್ಣ ಬದಲಿಸುತ್ತದೆ. ಅಚ್ಚಿಗೆ ಅದರಲ್ಲಿ ಒಂದು ಮಾತ್ರ ದಕ್ಕುತ್ತದೆ. ಜರಿ ಮಂಕು ಹಳದಿಯಾಗುತ್ತದೆ. ನವಿಲಿನ ನೀಲಿಹಸಿರು ನಾಲ್ಕು ಮಸಿಗಳ ಕೈಗೆ ಸಿಗುವುದೇ ಇಲ್ಲ. ಇಡೀ ಸೀರೆಯನ್ನು ಹರಡಿ ತೆಗೆದ ಚಿತ್ರಕ್ಕಿಂತ ಅಂಚು ಮತ್ತು ಒಡಲು ಕೂಡುವ ಕಡೆ ಹತ್ತಿರದಿಂದ, ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಹೆಚ್ಚು ನಿಜ ಹೇಳುತ್ತದೆ. ಕರಿ ಕಂಬಳಿಯ ಕಷ್ಟ ಬೇರೆ: ಬಣ್ಣ ಹಾಕದ ಕರಿ ಉಣ್ಣೆಯ ಎಳೆಗಳು ಕಣ್ಣಿಗೆ ಕಾಣುತ್ತವೆ, ಸುದ್ದಿಕಾಗದದ ಮೇಲೆ ಮಸಿಯ ತೇಪೆಯಾಗುತ್ತವೆ. ನೆರಳಿನ ಭಾಗವನ್ನು ಮೊದಲೇ ತುಸು ತಿಳಿಗೊಳಿಸಬೇಕು.

ಮುಖಗಳಿಗೂ ಇದು ಅನ್ವಯ. ಮಸಿ ಹರಡಿ ನಡುಛಾಯೆಗಳು ಕಪ್ಪಾಗುವುದರಿಂದ ಬಿಸಿಲಲ್ಲಿ ದುಡಿದವರ ಮುಖ ಅಚ್ಚಿನಲ್ಲಿ ಗುರುತು ಸಿಗದಂತಾಗುತ್ತದೆ. ಅದನ್ನು ಸರಿಪಡಿಸಲು ಛಾಯೆ ತಿಳಿಗೊಳಿಸುವುದು ಬೇರೆ, ಮೈಬಣ್ಣವನ್ನೇ ಬೆಳ್ಳಗೆ ಮಾಡುವುದು ಬೇರೆ. ಎರಡನೆಯದು ನಮ್ಮ ಪತ್ರಿಕೆಗಳಲ್ಲಿ ಸಿನಿಮಾ ಪುಟದಿಂದ ಉಳಿದ ಪುಟಗಳಿಗೂ ಹರಡಿದ ರೋಗ.

ಹಾಡು, ಆಡುಮಾತು, ಎರಡನೆಯ ಭಾಷೆ

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಹಾಡುಗಾರ್ತಿ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಆಕೆಯ ಹಾಡನ್ನೂ ಬದುಕನ್ನೂ ದಾಖಲಿಸಿದ್ದಾರೆ. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಮ್ಯಾಸಬೇಡರ ಗಾದ್ರಿ ಪಾಲನಾಯಕರ ಕಥನಗಳು ಈ ಸೀಮೆಯಲ್ಲಿ ಬಾಯಿಂದ ಬಾಯಿಗೆ ಉಳಿದಿವೆ. ಇಂಥವರ ಸಂದರ್ಶನದಲ್ಲಿ ಉತ್ತರ ಅರ್ಧಕ್ಕೆ ಹಾಡಾಗಿಬಿಡುತ್ತದೆ, ಹಾಡು ಮುಗಿದು ಮತ್ತೆ ಮಾತಾಗುತ್ತದೆ. ಪುಟದಲ್ಲಿ ಮೂರನೆಯ ಬಗೆಯ ದನಿಯೊಂದು ಬಂದಂತಾಯಿತು. ಅದಕ್ಕೆ ಬೇರೆ ಫಾಂಟು ಕೊಡುವ ಆಸೆಯನ್ನು ತಡೆಯಬೇಕು. ಅದೇ ಬಾಯಿ, ಅದೇ ಅಕ್ಷರ. ಸಾಲು ಮುರಿದು ಒಳಸರಿಸಿದರೆ ಸಾಕು. ಹಾಡಿನ ಸಾಲು ಕಾಲಂ ಅಗಲಕ್ಕೆ ಹಿಡಿಸದೆ ಮಡಚಿಕೊಂಡರೆ ಲಯ ಸಾಯುತ್ತದೆ. ಹಾಗಾಗಿ ಹಾಡಿರುವ ಪುಟವನ್ನು ಒಂದೇ ಕಾಲಮ್ಮಿಗೆ ಅಗಲಿಸುವುದು ಲೇಸು. ಹಾಡುವವರು ತಡೆದು ನಿಂತ ಕಡೆ ಮೂರು ಚುಕ್ಕೆ ಸುರಿಯುವ ರೂಢಿಗಿಂತ ಅರ್ಧ ಸಾಲಿನ ಬಿಳಿ ಜಾಗ ಹೆಚ್ಚು ಹೇಳುತ್ತದೆ.

ಆಂಧ್ರದ ಗಡಿಗೆ ತಾಗಿದ ಈ ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಕುಟುಂಬಗಳು ಬಹಳ. ಉತ್ತರದ ನಡುವೆ ತೆಲುಗಿನ ಒಂದು ವಾಕ್ಯ ಬಂದರೆ ಅದನ್ನು ತೆಲುಗು ಲಿಪಿಯಲ್ಲಿ ಇಡುವುದು ಪ್ರಾಮಾಣಿಕವೆನಿಸಬಹುದು. ಆದರೆ ಎರಡು ಲಿಪಿಗಳೂ ಎಷ್ಟು ಹತ್ತಿರದವೆಂದರೆ ಒಂದೇ ಸಾಲಿನಲ್ಲಿ ಅವು ಬೇರೆ ಭಾಷೆಯಂತೆ ಕಾಣದೆ ಅಚ್ಚಿನ ತಪ್ಪಿನಂತೆ ಕಾಣುತ್ತವೆ. ಕನ್ನಡ ಲಿಪಿಯಲ್ಲೇ ಬರೆದು, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅರ್ಥ ಕೊಡುವುದು ಸರಿ. ಅಂಚಿನ ಈ ಜಾಗ ಆಡುಮಾತಿನ ಪದಗಳಿಗೂ ಆಗುತ್ತದೆ: ಹಟ್ಟಿ, ರೊಪ್ಪ, ಕಾವಲುಗಳ ಅರ್ಥ ಬೆಂಗಳೂರಿನ ಓದುಗರಿಗೆ ಬೇಕು, ಚಳ್ಳಕೆರೆಯವರಿಗೆ ಬೇಡ. ಪುಟದಡಿ ಟಿಪ್ಪಣಿಗೆ ಹೋಗಿ ಬರುವಷ್ಟರಲ್ಲಿ ಮಾತಿನ ಎಳೆ ತಪ್ಪುತ್ತದೆ. ಅಂಚಿನಲ್ಲಿದ್ದರೆ ಬೇಕಾದವರು ಕಣ್ಣು ಹಾಯಿಸುತ್ತಾರೆ, ಬೇಡದವರು ದಾಟುತ್ತಾರೆ.

ಎತ್ತಿಹಿಡಿದ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಉತ್ತರದಿಂದ ಒಂದು ಸಾಲನ್ನು ಆಯ್ದು ದೊಡ್ಡ ಗಾತ್ರದಲ್ಲಿ ಪುಟದ ನಡುವೆ ಇಡುವುದು ಈಗ ಎಲ್ಲ ಪತ್ರಿಕೆಗಳ ಅಭ್ಯಾಸ. ಜಾಗಕ್ಕೆ ಹೊಂದಲೆಂದು ಆ ಸಾಲನ್ನು ಕತ್ತರಿಸಿ, ಆಡುಮಾತನ್ನು ಗ್ರಂಥಸ್ಥ ಮಾಡಿ ಇಡುವುದೂ ಅಷ್ಟೇ ಸಾಮಾನ್ಯ. ದೊಡ್ಡ ಅಕ್ಷರದಲ್ಲಿ ಇರುವುದನ್ನೇ ಜನ ನೆನಪಿಟ್ಟುಕೊಳ್ಳುತ್ತಾರೆ, ಆಡಿದವರ ತಲೆಗೆ ಕಟ್ಟುತ್ತಾರೆ. ಜಾಗಕ್ಕೆ ಮಾತು ಹೊಂದದಿದ್ದರೆ ಬೇರೆ ಸಾಲು ಆರಿಸಬೇಕು, ಇಲ್ಲವೇ ಗಾತ್ರ ಇಳಿಸಬೇಕು. ಒಂದು ಸಂದರ್ಶನಕ್ಕೆ ಇಂಥದ್ದು ಒಂದು, ಹೆಚ್ಚೆಂದರೆ ಎರಡು.

ಮೊಬೈಲಿನಲ್ಲಿ ಓದುವವರಿಗಾಗಿ ಅದೇ ಪುಟವನ್ನು ಪಿಡಿಎಫ್ ಮಾಡಿ ಹಂಚುವುದು ಸಣ್ಣ ಪತ್ರಿಕೆಗಳ ಸದ್ಯದ ಪದ್ಧತಿ. ಎರಡು ಕಾಲಮ್ಮಿನ ಪುಟವನ್ನು ಬೆರಳಲ್ಲಿ ಹಿಗ್ಗಿಸಿ ಎಡಕ್ಕೆ ಬಲಕ್ಕೆ ಎಳೆಯುತ್ತ ಓದುವುದು ಶಿಕ್ಷೆ. ಹಳೆಯ ಫಾಂಟಿನಲ್ಲಿ ಕಟ್ಟಿದ ಪಿಡಿಎಫ್‌ನಲ್ಲಿ ಒಂದು ಹೆಸರನ್ನು ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡಿನಲ್ಲಿ ಕಟ್ಟಿ, ಮೊಬೈಲಿಗೆಂದೇ ಒಂದು ಕಾಲಮ್ಮಿನ ಇನ್ನೊಂದು ಪ್ರತಿ ತೆಗೆಯುವುದಕ್ಕೆ ಹೆಚ್ಚಿನ ಖರ್ಚೇನಿಲ್ಲ, ಒಂದು ಸಂಜೆಯ ಕೆಲಸ. ಅಲ್ಲಿ ಬಣ್ಣ ಪುಕ್ಕಟೆ, ಮಸಿ ಹರಡುವ ಭಯವಿಲ್ಲ, ತೆಳು ಅಕ್ಷರವೂ ನಿಲ್ಲುತ್ತದೆ. ಕಾಗದದಲ್ಲಿ ನಿಷಿದ್ಧವಾದ ಬಣ್ಣದ ಪ್ರಶ್ನೆಗಳನ್ನು ಬೇಕಿದ್ದರೆ ಅಲ್ಲಿ ಧೈರ್ಯವಾಗಿ ಬಳಸಬಹುದು.